ಬೀಜ ಸೀದ ಮುಂಜಾನೆ

(ಶೋಳಿಂಗನಲ್ಲೂರಿನಲ್ಲಿ ಸೇರಿದ್ದ ಕನ್ನಡ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನಮ್ಮ ಕಸುಬಲ್ಲ. ಒಲೆಯ ಮುಂದೆ ನಿಲ್ಲುವುದು ನಮ್ಮ ಕಸುಬು. ಕಾರ್ಯದರ್ಶಿಗಳು ಬಂದು, “ದೊಡ್ಡ ವಿಷಯವೇನೂ ಬೇಡ, ನಿಮ್ಮ ಕೆಲಸದಲ್ಲಿ ನೀವು ಕಂಡದ್ದನ್ನೇ ನಾಲ್ಕು ಮಾತಿನಲ್ಲಿ ಹೇಳಿ” ಎಂದರು. ಆದುದರಿಂದ ಈ ಹೊತ್ತು ಕಾಫಿ ಬೀಜ ಸೀದುಹೋದ ಒಂದು ಮುಂಜಾನೆಯ ಕತೆಯನ್ನು ತಮ್ಮ ಮುಂದೆ ಇಡುತ್ತೇವೆ. ಅದರಲ್ಲಿ ನಮ್ಮ ತಪ್ಪೂ ಇದೆ. ಅದನ್ನು ಮುಚ್ಚಿಡದೆ ಹೇಳುತ್ತೇವೆ.

ನಾವು ಈಗ ಕುಳಿತಿರುವ ಈ ಶೋಳಿಂಗನಲ್ಲೂರು ಮಹಾಬಲಿಪುರದ ಹಳೆಯ ರಸ್ತೆಯ ಮೇಲಿನ ಊರು. 2011ರಲ್ಲಿ ಇದು ಚೆನ್ನೈ ನಗರಪಾಲಿಕೆಗೆ ಸೇರಿತು. ಪೂರ್ವಕ್ಕೆ ಬಕಿಂಗ್‌ಹ್ಯಾಮ್ ಕಾಲುವೆ, ರಸ್ತೆಯ ಬದಿಗೆ ಕಂಪ್ಯೂಟರ್ ಕಂಪೆನಿಗಳ ಗಾಜಿನ ಕಟ್ಟಡಗಳು. ಈ ಕಟ್ಟಡಗಳಿಗೆ ರಾತ್ರಿಯೆಂಬುದಿಲ್ಲ. ಕಾವಲಿನವರು, ಕಾರು ಓಡಿಸುವವರು, ರಾತ್ರಿ ಪಾಳಿ ಮುಗಿಸಿದ ಹುಡುಗ ಹುಡುಗಿಯರು, ಬಸ್ಸಿನ ಕಂಡಕ್ಟರುಗಳು ಇವರೆಲ್ಲ ಐದು ಗಂಟೆಗೇ ಬಂದು ನಮ್ಮ ಹೋಟೆಲಿನ ಬಾಗಿಲಲ್ಲಿ ನಿಲ್ಲುತ್ತಾರೆ. ಅವರು ಕೇಳುವುದು ಮೊದಲು ಕಾಫಿ, ಆಮೇಲೆ ಇಡ್ಲಿ. ಮದ್ರಾಸಿನಲ್ಲಿ ಉಡುಪಿಯವರ ಹೆಸರು ನಿಂತಿರುವುದೇ ಈ ಎರಡರ ಮೇಲೆ. ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. 1962ರಲ್ಲಿ ತೆರೆದ ಅವರ ಡ್ರೈವ್-ಇನ್ ಹೋಟೆಲು 2008ರಲ್ಲಿ ಮುಚ್ಚಿತು. ಹೋಟೆಲು ಮುಚ್ಚಿದರೂ ಅಲ್ಲಿಯ ಕಾಫಿಯ ಮಾತು ಈ ಊರಿನ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ. ಅಂಥ ಹೆಸರನ್ನು ಉಳಿಸುವುದು ಕಷ್ಟ, ಕಳೆಯಲು ಒಂದು ಲೋಟ ಸಾಕು.

ನಾವಿದ್ದ ಹೋಟೆಲಿನಲ್ಲಿ ಬೀಜವನ್ನು ನಾವೇ ಹುರಿಯುತ್ತಿದ್ದೆವು. ಐದು ಕಿಲೊ ಹಿಡಿಯುವ ತಿರುಗುವ ಡ್ರಮ್ಮು, ಕೆಳಗೆ ಗ್ಯಾಸಿನ ಉರಿ. ಅದರ ಮುಂದೆ ನಿಲ್ಲುತ್ತಿದ್ದವನು ಕುಂದಾಪುರದ ಕಡೆಯ ಒಬ್ಬ ಹುಡುಗ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಆ ದಿನ ನಸುಕಿನಲ್ಲಿ ಅವನು ಬೀಜ ಹಾಕಿ ಉರಿ ಏರಿಸಿದ್ದ. ಹೊರಗೆ ಗಿರಾಕಿಗಳ ನೂಕುನುಗ್ಗಲು. ಗಲ್ಲಾದಿಂದ ಕೂಗು ಬಂತು: “ಏ ಮಾಣಿ, ಎರಡು ಟೇಬಲ್ಲಿಗೆ ನೀರು ಕೊಡು ಮಾರಾಯ!” ಹುಡುಗ ಓಡಿದ. ಎರಡು ಟೇಬಲ್ಲು ಆರಾಯಿತು. ತಿರುಗಿ ಬರುವಷ್ಟರಲ್ಲಿ ಅಡಿಗೆಮನೆಯ ತುಂಬ ನೀಲಿಹೊಗೆ.

ಡ್ರಮ್ಮಿನ ಬಾಯಿ ತೆರೆದು ಬೀಜವನ್ನು ತಟ್ಟೆಗೆ ಸುರಿದೆವು. ಕೆಲವು ಕಂದು, ಹೆಚ್ಚಿನವು ಕಪ್ಪು, ಎಣ್ಣೆ ಒಸರಿ ಹೊಳೆಯುತ್ತಿದ್ದವು. ಭಟ್ಟರು ಬಂದು ನೋಡಿ ಹಣೆ ಹಿಡಿದುಕೊಂಡರು. “ಎಂತ ಮಾಡುದು ಭಟ್ರೆ?” ಎಂದು ಹುಡುಗ ಅಳುದನಿಯಲ್ಲಿ ಕೇಳಿದ. ಹೊಸ ಬೀಜ ಹುರಿದು ಪುಡಿ ಮಾಡುವಷ್ಟು ಹೊತ್ತಿರಲಿಲ್ಲ. ಹಿಂದಿನ ದಿನದ ಪುಡಿ ಅರ್ಧ ಡಬ್ಬವೂ ಇರಲಿಲ್ಲ.

ಆಗ ನಾವೊಂದು ತಪ್ಪು ಮಾಡಿದೆವು. “ಕಾಫಿ ಎಂದರೆ ಕಹಿಯೇ ಅಲ್ಲವೆ? ಸ್ವಲ್ಪ ಚಿಕೋರಿ, ಸ್ವಲ್ಪ ಸಕ್ಕರೆ, ಹಾಲು ಜಾಸ್ತಿ ಹಾಕಿದರೆ ಯಾರಿಗೆ ತಿಳಿಯುತ್ತದೆ?” ಎಂದುಕೊಂಡೆವು. ಸೀದ ಬೀಜವನ್ನೇ ಬೀಸಿ, ಉಳಿದ ಒಳ್ಳೆಯ ಪುಡಿಯನ್ನೂ ಅದರಲ್ಲೇ ಕಲಸಿ, ದೊಡ್ಡ ಫಿಲ್ಟರಿಗೆ ತುಂಬಿ ಬಿಸಿನೀರು ಹೊಯ್ದೆವು. ಮೊದಲನೆಯ ಲೋಟ ಹೋದದ್ದು ದಿನವೂ ಬರುವ ಒಬ್ಬ ಬಸ್ ಕಂಡಕ್ಟರಿಗೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, “ಎನ್ನಣ್ಣೇ, ಅಡುಪ್ಪುಕ್ಕರಿ ಪೋಟ್ಟೀಂಗಳಾ?” ಎಂದ. ಒಲೆಯ ಇದ್ದಿಲು ಹಾಕಿದಿರಾ ಅಣ್ಣಾ ಎಂದು ಅವನ ಪ್ರಶ್ನೆ. ಅವನು ಬಯ್ಯಲಿಲ್ಲ, ನಕ್ಕು ಎದ್ದುಹೋದ. ಬಯ್ದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಬಂಧುಗಳೇ, ಅಂದು ಕೆಟ್ಟದ್ದು ಮೂರು ಸಾಮಾನು. ಬೀಜ ಕೆಟ್ಟದ್ದು ಹುಡುಗನ ಕೈಯಲ್ಲಿ. ಉಳಿದಿದ್ದ ಒಳ್ಳೆಯ ಪುಡಿಯೂ, ಒಂದು ಕ್ಯಾನು ಹಾಲೂ ಕೆಟ್ಟದ್ದು ನಮ್ಮ ಕೈಯಲ್ಲಿ. ಇದನ್ನು ನೆನಪಿಡಿ, ಮುಂದೆ ಲೆಕ್ಕಕ್ಕೆ ಬರುತ್ತದೆ.

ಚಿಕೋರಿ ಏಕೆ ಕಾಪಾಡಲಿಲ್ಲ? ಸಕ್ಕರೆ ಏಕೆ ಕಾಪಾಡಲಿಲ್ಲ? ಇದನ್ನು ತಿಳಿಯಬೇಕಾದರೆ ಬೀಜದೊಳಗೆ ಉರಿ ಏನು ಮಾಡುತ್ತದೆಂದು ತಿಳಿಯಬೇಕು. ಹಸಿಬೀಜದಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ನೀರಿರುತ್ತದೆ. ಬಿಸಿ ತಗಲಿದಾಗ ಮೊದಲು ಆ ನೀರು ಹೋಗುತ್ತದೆ. ಹಸುರು ಬೀಜ ಹಳದಿಯಾಗುತ್ತದೆ. ಆಮೇಲೆ ಬೀಜದೊಳಗಿನ ಸಕ್ಕರೆ ಕೆಂಪಾಗುತ್ತ ಬರುತ್ತದೆ. ರೊಟ್ಟಿ ಸುಡುವಾಗ ಬರುವಂಥ ಪರಿಮಳ ಏಳುತ್ತದೆ. ಸುಮಾರು 200 ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಬೀಜ ಒಮ್ಮೆ ಚಟಪಟನೆ ಸಿಡಿಯುತ್ತದೆ. ಅಲ್ಲಿಂದ ಮುಂದಿನ ಕೆಲವು ನಿಮಿಷಗಳೇ ಹುರಿಯುವವನ ಜಾಣತನದ ಪರೀಕ್ಷೆ. ಸುಮಾರು 225 ಡಿಗ್ರಿಗೆ ಎರಡನೆಯ ಬಾರಿ, ಸಣ್ಣ ಸದ್ದಿನಲ್ಲಿ ಸಿಡಿಯುತ್ತದೆ. ಎಣ್ಣೆ ಮೇಲಕ್ಕೆ ಬರುತ್ತದೆ. ಅದನ್ನೂ ದಾಟಿಸಿದರೆ ಉಳಿಯುವುದು ಇದ್ದಿಲು.

ಇನ್ನೊಂದು ಮಾತು. ಈ ಹಂತದಲ್ಲಿ ಬೀಜ ತಾನೇ ಶಾಖ ಹೊರಡಿಸಲು ತೊಡಗುತ್ತದೆ. ಉರಿ ಆರಿಸಿದ ಮಾತ್ರಕ್ಕೆ ಹುರಿಯುವುದು ನಿಲ್ಲುವುದಿಲ್ಲ. ಕೂಡಲೇ ಹೊರಗೆ ಸುರಿದು, ಹರಡಿ, ಗಾಳಿ ಹಾಕಿ ತಣಿಸಬೇಕು. ಆದುದರಿಂದಲೇ ಬೀಜದ ಮುಂದೆ ನಿಂತವನು ಅರ್ಧ ನಿಮಿಷವೂ ಬೇರೆ ಕಡೆ ಹೋಗಬಾರದು.

ಕಾಫಿಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲವೆಂಬ ಒಂದು ಪದಾರ್ಥವಿದೆ. ಹದವಾಗಿ ಹುರಿದರೆ ಅದು ಸ್ವಲ್ಪ ಒಡೆದು ಹಿತವಾದ ಕಹಿ ಕೊಡುತ್ತದೆ. ಮೀರಿ ಹುರಿದರೆ ಗಂಟಲು ಹಿಡಿಯುವ ಕಹಿಯಾಗುತ್ತದೆ. ಬೀಜದ ಸಕ್ಕರೆಯಂತೂ ಉಳಿದಿರುವುದೇ ಇಲ್ಲ. ಕೆಲವರು, “ಕಪ್ಪಾದಷ್ಟೂ ಕಾಫಿ ಸ್ಟ್ರಾಂಗ್” ಎನ್ನುತ್ತಾರೆ. ಅದು ತಪ್ಪು. ನಿದ್ದೆ ಕೆಡಿಸುವ ಕೆಫೀನು ಹುರಿದರೂ ಹೆಚ್ಚಾಗುವುದಿಲ್ಲ. ಹೆಚ್ಚುವುದು ಸುಟ್ಟ ಕಹಿ.

ಡಿಕಾಕ್ಷನ್ ಎಂದರೇನು? ಬೀಜದಲ್ಲಿರುವುದನ್ನು ಬಿಸಿನೀರು ತನ್ನೊಳಕ್ಕೆ ಎಳೆದುಕೊಳ್ಳುವುದು, ಅಷ್ಟೆ. ಪುಡಿಯ ತೂಕದಲ್ಲಿ ನೂರಕ್ಕೆ ಮೂವತ್ತು ಪಾಲಿನಷ್ಟು ನೀರಿಗೆ ಇಳಿಯಬಲ್ಲದು; ಹದವಾದ ರುಚಿಗೆ ಇಪ್ಪತ್ತರ ಆಸುಪಾಸು ಸಾಕು. ಮೊದಲು ಹುಳಿ ಮತ್ತು ಪರಿಮಳ ಇಳಿಯುತ್ತವೆ, ನಡುವೆ ಸಿಹಿ, ಕೊನೆಗೆ ಕಹಿ. ಸೀದ ಬೀಜ ಟೊಳ್ಳಾಗಿ, ಬಿರುಸಾಗಿ ಒಡೆಯುತ್ತದೆ. ಬೀಸಿದಾಗ ಹಿಟ್ಟಿನಂಥ ಸಣ್ಣ ಪುಡಿ ಹೆಚ್ಚಾಗುತ್ತದೆ. ನೀರು ಬೇಗ ನುಗ್ಗುತ್ತದೆ. ಅಲ್ಲಿ ಎಳೆಯುವುದಕ್ಕೆ ಇರುವುದೇ ಕಹಿ, ಅದೂ ಬೇಗ ಇಳಿಯುತ್ತದೆ. ಚಿಕೋರಿಯೂ ಹುರಿದ ಬೇರೇ ಆದುದರಿಂದ ಕಹಿಗೆ ಕಹಿ ಕೂಡಿಸಿದಂತಾಯಿತು. ಹಾಲು ಬಣ್ಣವನ್ನು ಮುಚ್ಚಿತು, ಸುಟ್ಟ ವಾಸನೆಯನ್ನು ಮುಚ್ಚಲಿಲ್ಲ. ಚಿಕೋರಿಗೆ ಒಂದು ಮಿತಿಯೂ ಉಂಟು: ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದೆಂದು ಆಹಾರ ಸುರಕ್ಷತೆಯ ನಿಯಮವೇ ಹೇಳುತ್ತದೆ. ನಮ್ಮ ತಪ್ಪು ಮುಚ್ಚಲು ಗಿರಾಕಿಗೆ ಬೇರು ಕುಡಿಸುವ ಹಕ್ಕು ನಮಗಿಲ್ಲ.

ಹಾಗಾದರೆ ಸೀದ ಮೇಲೆ ಏನೂ ಉಳಿಯದೆ? ಉಳಿಯುತ್ತದೆ. ಆ ದಿನ ನಾವು ತಡವಾಗಿ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇವೆ. ಕಾಫಿಯ ಕೆಲಸದವರು ಮನಸ್ಸಿನಲ್ಲಿಟ್ಟುಕೊಳ್ಳಿ.

ಮೊದಲನೆಯದು, ಡ್ರಮ್ಮಿನಲ್ಲಿ ಬೆಂಕಿಯೇ ಹೊತ್ತಿದ್ದರೆ ಸಾಮಾನಿನ ಯೋಚನೆ ಬಿಟ್ಟು ಜೀವದ ಯೋಚನೆ ಮಾಡಿ. ಗ್ಯಾಸು ಮುಚ್ಚಿ, ಗಾಳಿ ಹೋಗುವ ದಾರಿ ಮುಚ್ಚಿ, ಡ್ರಮ್ಮು ತಿರುಗುತ್ತಲೇ ಇರಲಿ, ಬಾಗಿಲು ತೆರೆಯಬೇಡಿ. ಬಾಗಿಲು ತೆರೆದರೆ ಒಳಗಿನ ಕೆಂಡಕ್ಕೆ ಗಾಳಿ ಸಿಕ್ಕಿ ಉರಿ ಮುಖಕ್ಕೇ ಬರುತ್ತದೆ. ನಾವು ಆ ಮುಂಜಾನೆ ಹೊಗೆ ಕಂಡ ಕೂಡಲೇ ಬಾಯಿ ತೆರೆದದ್ದು ಅವಿವೇಕ. ಉರಿ ಏಳದಿದ್ದದ್ದು ನಮ್ಮ ಪುಣ್ಯ.

ಎರಡನೆಯದು, ಉರಿ ಇಲ್ಲದೆ ಬರೀ ಸೀದಿದ್ದರೆ ಕೂಡಲೇ ಹರಡಿ ತಣಿಸಿ. ತಣಿದ ಮೇಲೆ ಬೆಳಕಿಗೆ ಹಿಡಿದು ಆರಿಸಿ. ಬೀಜವನ್ನು ಬೆರಳಲ್ಲಿ ಒತ್ತಿದರೆ ಮಸಿಯಾಗಿ ಉದುರಿದರೆ ಅದು ಇದ್ದಿಲು, ಬಿಸಾಡಿ. ಒಡೆದಾಗ ಒಳಗೆ ಕಂದುಬಣ್ಣವಿದ್ದು ಕಮರು ವಾಸನೆಯಿಲ್ಲದಿದ್ದರೆ ಬೇರೆ ಇಡಿ. ಅನುಮಾನವಿದ್ದದ್ದು ಇದ್ದಿಲಿನ ಕಡೆಗೇ ಸೇರಲಿ. ಆ ದಿನ ನಾವು ಬೀಸದೆ ಉಳಿದಿದ್ದ ಬೀಜವನ್ನು ಹೀಗೆ ಆರಿಸಿದಾಗ ಒಂದು ಕಿಲೊದಷ್ಟು ಬಳಸಬಹುದಾದದ್ದು ಸಿಕ್ಕಿತು.

ಮೂರನೆಯದು, ಆರಿಸಿದ್ದನ್ನು ಒಳ್ಳೆಯ ಪುಡಿಗೆ ಸುರಿಯುವ ಮುಂಚೆ ಬೇರೆಯಾಗಿ ಪರೀಕ್ಷೆ ಮಾಡಿ. ಎರಡು ಚಮಚ ಪುಡಿ, ಒಂದು ಲೋಟ ನೀರು. ಹಾಲು ಸಕ್ಕರೆ ಹಾಕದೆ ಬರೀ ಡಿಕಾಕ್ಷನ್ನನ್ನು ನಾಲಗೆಗೆ ಹಚ್ಚಿ. ಕಹಿ ಬಂದು ಹೋದರೆ ಚಿಂತೆಯಿಲ್ಲ. ಬೂದಿಯ ರುಚಿ ನಾಲಗೆಯಲ್ಲೇ ಕುಳಿತರೆ ಆ ಬೀಜವನ್ನೂ ಬಿಡಿ. ಪರೀಕ್ಷೆಯಲ್ಲಿ ತೇರ್ಗಡೆಯಾದದ್ದನ್ನು ಸ್ವಲ್ಪ ದಪ್ಪವಾಗಿ ಬೀಸಿ, ಕುದಿ ಇಳಿದ ನೀರು ಹಾಕಿ, ಎರಡನೆಯ ಡಿಕಾಕ್ಷನ್ ಎಳೆಯದೆ ಮೊದಲನೆಯದರಲ್ಲೇ ನಿಲ್ಲಿಸಿ. ಆಗ ಕೊನೆಯ ಕಹಿ ಪುಡಿಯಲ್ಲೇ ಉಳಿಯುತ್ತದೆ. ಅದನ್ನೂ ಹೊಸ ಪುಡಿಗೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ನಾವು ಸೇರಿಸಲಿಲ್ಲ.

ನಾಲ್ಕನೆಯದು, ಸೀದ ಡಿಕಾಕ್ಷನ್ನನ್ನು ತಿದ್ದಲು ಹೋಗಬೇಡಿ. ನೀರು ಬೆರೆಸಿದರೆ ತೆಳ್ಳಗೆ ಸೀದ ಕಾಫಿ, ಹಾಲು ಬೆರೆಸಿದರೆ ಬೆಳ್ಳಗೆ ಸೀದ ಕಾಫಿ. ಮೋರಿಗೆ ಹೊಯ್ಯಿರಿ.

ಐದನೆಯದು, ಹೊಸದಾಗಿ ಶುರು ಮಾಡುವ ಮುಂಚೆ ತೊಳೆಯಿರಿ. ಡ್ರಮ್ಮಿನೊಳಗಿನ ಹೊಟ್ಟು, ಗ್ರೈಂಡರಿನ ಹಲ್ಲಿನಲ್ಲಿ ಕುಳಿತ ಎಣ್ಣೆಪುಡಿ, ಫಿಲ್ಟರಿನ ತೂತು, ಬಟ್ಟೆ, ಡಬ್ಬ, ಇವೆಲ್ಲದರಲ್ಲೂ ಸುಟ್ಟ ವಾಸನೆ ಅಡಗಿರುತ್ತದೆ. ತೊಳೆಯದೆ ಹೊಸ ಬೀಜ ಹಾಕಿದರೆ ಅದೂ ಹಳೆಯದರ ವಾಸನೆ ಹೇಳುತ್ತದೆ.

ಆರನೆಯದು, ಹೊಸದಾಗಿ ಹುರಿದ ಬೀಜಕ್ಕೆ ಸ್ವಲ್ಪ ವಿಶ್ರಾಂತಿ ಕೊಡಿ. ಹುರಿದ ಕೂಡಲೇ ಬೀಜದೊಳಗೆ ಇಂಗಾಲಾಮ್ಲ ಅನಿಲ ತುಂಬಿರುತ್ತದೆ. ತಕ್ಷಣ ಬೀಸಿ ನೀರು ಹೊಯ್ದರೆ ಪುಡಿ ನೊರೆಯೆದ್ದು ಉಬ್ಬಿ, ನೀರು ಸರಿಯಾಗಿ ಇಳಿಯುವುದಿಲ್ಲ. ಒಂದು ರಾತ್ರಿ ಬಿಟ್ಟರೆ ಒಳ್ಳೆಯದು.

“ಒಂದು ರಾತ್ರಿ ಬಿಟ್ಟರೆ ಈ ಹೊತ್ತಿನ ಗಿರಾಕಿಗೆ ಏನು ಕೊಡೋಣ?” ಎಂದು ತಾವು ಕೇಳುತ್ತೀರಿ. ನಮಗೂ ಅದೇ ಚಿಂತೆಯಾಗಿತ್ತು. ಆಗ ಭಟ್ಟರು ಹುಡುಗನ ಕೈಗೆ ಡಬ್ಬ ಕೊಟ್ಟು ರಸ್ತೆಯಾಚೆಯ ಇನ್ನೊಂದು ಹೋಟೆಲಿಗೆ ಕಳಿಸಿದರು. ಅದು ನಮಗೆ ಎದುರು ಅಂಗಡಿ. ಆದರೂ ಅಲ್ಲಿಯ ಕಾಫಿಯವರು ನಮ್ಮೂರಿನ ಕಡೆಯವರು. “ಎಷ್ಟು ಬೇಕು ತಮ್ಮಾ?” ಎಂದು ಕೇಳಿ ಎರಡು ಕಿಲೊ ಪುಡಿ ಅಳೆದು ಕೊಟ್ಟರು. ಅವರ ಧನಿಗಳೂ ಬೇಡವೆನ್ನಲಿಲ್ಲ. ನಾವು ಮೂರನೆಯ ದಿನ ಅಷ್ಟೇ ಪುಡಿಯನ್ನು ಹಿಂದಕ್ಕೆ ಮುಟ್ಟಿಸಿದೆವು. ಆ ದಿನ ಆರೂವರೆಗೆ ಒಳ್ಳೆಯ ಕಾಫಿ ಮತ್ತೆ ಶುರುವಾಯಿತು. ಕಂಡಕ್ಟರು ಮರುದಿನ ಬಂದಾಗ ಮೊದಲ ಲೋಟ ದುಡ್ಡಿಲ್ಲದೆ ಕೊಟ್ಟೆವು. ಅವನು ದುಡ್ಡು ಕೊಟ್ಟೇ ಹೋದ.

ಕಾಫಿ ಕೆಲಸ ಮಾಡದವರಿಗೂ ಈ ಮಾತು ಅನ್ವಯಿಸುತ್ತದೆ. ಒಗ್ಗರಣೆಯೂ ಇದೇ ಕೆಲಸ. ಅಲ್ಲಿ ನೀರಿನ ಬದಲು ಎಣ್ಣೆ ಬೀಜದ ಸಾರ ಎಳೆಯುತ್ತದೆ. ಮೆಂತ್ಯ ನಾಲ್ಕು ಕಾಳು ಸೀದರೆ ಇಡೀ ಕೊಪ್ಪರಿಗೆ ಸಾಂಬಾರು ಕಹಿ. ಸೀದ ಒಗ್ಗರಣೆಯ ಎಣ್ಣೆಯನ್ನು ಚೆಲ್ಲಿ, ಬಾಣಲೆ ಒರೆಸಿ, ಹೊಸ ಒಗ್ಗರಣೆ ಹಾಕುವವನೇ ಅಡಿಗೆಯವನು. ಸಾಂಬಾರಿಗೆ ತಳ ಹಿಡಿದರೆ ಸೌಟಿನಿಂದ ಕೆರೆಯದೆ ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಬೇಕೆಂದು ನಮ್ಮ ತಾಯಂದಿರಿಗೆ ಹೇಳಿಕೊಡಬೇಕೆ?

ಗಿರಣಿಯ ಬಂಧುಗಳು, “ನಮಗೇನು ಇದರಲ್ಲಿ?” ಎನ್ನಬಾರದು. ಹಾಸುನೂಲಿಗೆ ಗಂಜಿ ಹಾಕುವ ಖಾತೆಯಲ್ಲಿದ್ದ ಹಿರಿಯರು ಹುಣಸೆಬೀಜದ ಪುಡಿಯನ್ನು ಬಲ್ಲರು. ಹುಣಸೆಬೀಜವನ್ನು ಹುರಿದು, ಕೆಂಪು ಸಿಪ್ಪೆ ತೆಗೆದು, ಒಳಗಿನ ಬಿಳಿತಿರುಳನ್ನು ಬೀಸಿ, ನೀರಿನಲ್ಲಿ ಕುದಿಸಿದರೆ ಅಂಟು ಬರುತ್ತದೆ. ಸಿಪ್ಪೆ ಬಿಡುವಷ್ಟೇ ಹುರಿಯಬೇಕು. ಹೆಚ್ಚು ಹುರಿದರೆ ತಿರುಳು ಕಂದಾಗುತ್ತದೆ, ಅಂಟಿನ ಬಲ ಕುಗ್ಗುತ್ತದೆ, ನೂಲಿಗೆ ಬಣ್ಣ ಹಿಡಿಯುತ್ತದೆ. ಎಷ್ಟು ಕುದಿಸಿದರೂ ಆ ಬಲ ತಿರುಗಿ ಬಾರದು. ಗಂಜಿ ಕೆಟ್ಟರೆ ಮಗ್ಗದಲ್ಲಿ ಎಳೆ ಕಡಿಯುತ್ತದೆ. ಎಳೆ ಕಡಿದದ್ದಕ್ಕೆ ಮಾತು ಕೇಳುವವನು ನೇಯುವವನು. ಎಲ್ಲೋ ಆದ ತಪ್ಪು ಯಾರದೋ ತಲೆಗೆ ಬರುವುದು ಹೀಗೆ.

ಈಗ ಹುಡುಗನ ಮಾತಿಗೆ ಬರುತ್ತೇವೆ. ಈ ಕತೆ ಹೇಳಲು ಹೊರಟದ್ದೇ ಅದಕ್ಕಾಗಿ.

ಮಧ್ಯಾಹ್ನ ಯಜಮಾನರು ಅವನನ್ನು ಕರೆದು, ಅರ್ಧ ತಿಂಗಳ ಸಂಬಳ ಹಿಡಿಯುವುದಾಗಿ ಹೇಳಿದರು. ಹುಡುಗ ಅಡಿಗೆಮನೆಯ ಹಿಂದೆ ಹೋಗಿ ಕುಳಿತ. ಊರಿನಲ್ಲಿ ತಾಯಿಗೆ ಪ್ರತಿ ತಿಂಗಳೂ ಹಣ ಕಳಿಸಬೇಕಾದವನು. “ನಾನು ಊರಿಗೆ ಹೋತೆ” ಎಂದಷ್ಟೇ ಹೇಳಿದ. ಬಂಧುಗಳೇ, ಆ ಹೊತ್ತಿನವರೆಗೆ ನಾವು ಬಾಯಿ ಬಿಟ್ಟಿರಲಿಲ್ಲ. ಪುಡಿ ಕಲಸಿದವರು ನಾವು, ಹಾಲು ಕೆಡಿಸಿದವರು ನಾವು, ಗಲ್ಲಾದ ಕೂಗಿಗೆ, “ಅವನು ಬೀಜದ ಮುಂದಿದ್ದಾನೆ, ಕರೆಯಬೇಡಿ” ಎಂದು ಹೇಳದೆ ಸುಮ್ಮನಿದ್ದವರೂ ನಾವು. ನಷ್ಟದ ಪಟ್ಟಿಯಲ್ಲಿ ಮಾತ್ರ ಹೆಸರು ಹುಡುಗನದು.

ಕೊನೆಗೆ ಭಟ್ಟರನ್ನು ಮುಂದಿಟ್ಟುಕೊಂಡು ನಾವು ನಾಲ್ವರು ಯಜಮಾನರ ಹತ್ತಿರ ಹೋದೆವು. ಜಗಳವಾಡಲಿಲ್ಲ, ಲೆಕ್ಕ ಹೇಳಿದೆವು. ಒಂದನೆಯದಾಗಿ ಒಬ್ಬನಿಗೆ ಒಂದೇ ಹೊತ್ತಿನಲ್ಲಿ ಎರಡು ಕೆಲಸ ಹೇಳಲಾಗಿತ್ತು. ಎರಡನೆಯದಾಗಿ ಬೀಜದಲ್ಲಿ ಒಂದು ಕಿಲೊ ಉಳಿದಿದೆ. ಮೂರನೆಯದಾಗಿ ಪುಡಿ ಮತ್ತು ಹಾಲಿನ ನಷ್ಟ ನಮ್ಮದು, ಅವನದಲ್ಲ. ಇದನ್ನು ಹೇಳುವಾಗ ನಮ್ಮ ಕಾಲು ನಡುಗುತ್ತಿತ್ತೆಂಬುದನ್ನೂ ಒಪ್ಪಿಕೊಳ್ಳುತ್ತೇವೆ.

ಕಾಯಿದೆ ಏನು ಹೇಳುತ್ತದೆಂಬುದನ್ನು ನಾವು ಆಮೇಲೆ ತಿಳಿದುಕೊಂಡೆವು. ತಾವು ಮೊದಲೇ ತಿಳಿದಿರಿ. 1936ರ ವೇತನ ಪಾವತಿ ಕಾಯಿದೆಯಲ್ಲಿ ಇದ್ದ ನಿಯಮ 2019ರ ವೇತನ ಸಂಹಿತೆಯಲ್ಲೂ ಇದೆ. ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಸಾಮಾನು ನೇರವಾಗಿ ಅವನ ಅಜಾಗ್ರತೆಯಿಂದಲೇ ಕೆಟ್ಟಿದ್ದರೆ ಮಾತ್ರ ಅದಕ್ಕಾಗಿ ಸಂಬಳ ಹಿಡಿಯಬಹುದು. ಹಿಡಿಯುವ ಮುಂಚೆ ಅವನ ಸಮಜಾಯಿಷಿ ಕೇಳಬೇಕು. ನಿಜವಾಗಿ ಆದ ನಷ್ಟಕ್ಕಿಂತ ಒಂದು ಕಾಸೂ ಹೆಚ್ಚು ಹಿಡಿಯಬಾರದು. ಹಿಡಿದದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ದಂಡವೆಂದು ಹಾಕುವುದಾದರೆ ಅದು ಸಂಬಳದ ನೂರಕ್ಕೆ ಮೂರನ್ನು ಮೀರಬಾರದು. ಕಾಯಿದೆ ಇಷ್ಟು ಹೇಳಿದರೂ, ಬಾಯಿಬಿಟ್ಟು ಕೇಳುವವನಿಲ್ಲದಿದ್ದರೆ ಅದು ಪುಸ್ತಕದಲ್ಲೇ ಮಲಗಿರುತ್ತದೆ. 1918ರಲ್ಲಿ ಇದೇ ನಗರದ ಪೆರಂಬೂರಿನಲ್ಲಿ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಯ ಕಾರ್ಮಿಕರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದ್ದು ಕೂಡಿ ಕೇಳುವುದಕ್ಕಾಗಿಯೇ. ಆ ಗಿರಣಿ 1996ರಲ್ಲಿ ಮುಚ್ಚಿತು; ಅವರು ಕಲಿಸಿದ ಪಾಠ ಮುಚ್ಚಿಲ್ಲ.

ನಮ್ಮ ಯಜಮಾನರು ಕೆಟ್ಟವರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ಬೆಳಿಗ್ಗೆಯೇ ಹೇಳಲಿಕ್ಕೇನಾಗಿತ್ತು ನಿಮಗೆ?” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಸಂಬಳ ಹಿಡಿಯಲಿಲ್ಲ. ಮರುದಿನ ಡ್ರಮ್ಮಿನ ಮೇಲಿನ ಗೋಡೆಗೆ ಒಂದು ಹಲಗೆ ಬಂತು: “ಬೀಜ ಒಲೆಯ ಮೇಲಿರುವಾಗ ಇಲ್ಲಿದ್ದವರನ್ನು ಯಾರೂ ಕರೆಯಕೂಡದು.” ಕೆಳಗೆ ಒಂದು ಗಂಟೆಯ ಗಡಿಯಾರವನ್ನೂ ಇಟ್ಟರು.

ಕಾಫಿ ಕೆಲಸದವರು ಸೀದದ್ದರಿಂದ ಮತ್ತೆ ಎದ್ದ ಇನ್ನೊಂದು ನಿದರ್ಶನ ದೊಡ್ಡದು. ಕಾಫಿ ಬೋರ್ಡು ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡವರು ಎ. ಕೆ. ಗೋಪಾಲನ್ ಅವರ ಬೆಂಬಲದಿಂದ ತಾವೇ ಸಹಕಾರ ಸಂಘ ಕಟ್ಟಿದರು. ಅದರಲ್ಲಿ ಮೊದಲನೆಯದು 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು. ಲೋಟ ಎತ್ತಿಕೊಡುತ್ತಿದ್ದವರೇ ಲೆಕ್ಕಪುಸ್ತಕ ಹಿಡಿದರು.

ಯೆಮನಿನಿಂದ ಬಾಬಾಬುಡನ್ನರು ಏಳು ಕಾಫಿಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂದು ನಮ್ಮ ನಾಡಿನಲ್ಲಿ ಹೇಳುತ್ತಾರೆ. ಅವರು ತಂದದ್ದು ಹಸಿಬೀಜ, ಆದುದರಿಂದ ಮೊಳೆಯಿತು. ಉರಿ ಕಂಡ ಬೀಜ ಮೊಳೆಯುವುದಿಲ್ಲ. ಅದನ್ನು ಹದವಾಗಿ ಹುರಿದು ಬಳಸಬೇಕು, ಸೀದರೆ ಬಿಸಾಡಬೇಕು. ತಪ್ಪು ಮಾಡಿದ ಹುಡುಗನನ್ನು ಮಾತ್ರ ಬಿಸಾಡಬೇಕಾಗಿಲ್ಲ. ನಮ್ಮ ಆ ಮಾಣಿ ಈಗ ಇದೇ ರಸ್ತೆಯ ಇನ್ನೊಂದು ಹೋಟೆಲಿನಲ್ಲಿ ಕಾಫಿ ಮೇಸ್ತ್ರಿ. ಅವನ ಕೈಕೆಳಗೆ ಇಬ್ಬರು ಹುಡುಗರಿದ್ದಾರೆ. ಬೀಜ ಒಲೆಯ ಮೇಲಿರುವಾಗ ಅವರನ್ನು ಯಾರಾದರೂ ಕರೆದರೆ ಅವನೇ ಹೋಗಿ ನೀರು ಕೊಟ್ಟು ಬರುತ್ತಾನಂತೆ.

ಹೊರಗೆ ಕಾಫಿ ಸಿದ್ಧವಾಗಿದೆ. ಇಂದಿನ ಬೀಜ ಸೀದಿಲ್ಲವೆಂದು ಭರವಸೆ ಕೊಟ್ಟು ನಮ್ಮ ಮಾತು ಮುಗಿಸುತ್ತೇವೆ.